ಬಾವಿಗೆ ಬಿದ್ದ ಸೊಸೆಯರು

‘ಸಣ್ಣ ಸೊಸೆ ಬಾವಿಗೆ ಬಿದ್ದು ಸತ್ತಳು’ ಎಂದು ಬರೆದಿತ್ತು. ಅದರ ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ‘ಕಥೆ ಮುಗಿಯಿತು’.

ನಾನು ಸ್ಕ್ಯಾನರಿನ ಮುಚ್ಚಳ ಎತ್ತಿ ಹಿಡಿದುಕೊಂಡೇ ನಿಂತುಬಿಟ್ಟೆ. ಸಣ್ಣ ಸೊಸೆ ಸಾಯುವುದಿಲ್ಲ. ಬುದ್ಧಿ ಬಂದಾಗಿನಿಂದ ಕೇಳಿದ್ದೇನೆ, ಆಕೆ ಒಮ್ಮೆಯೂ ಸತ್ತಿಲ್ಲ. ಬಾವಿಯ ತಳದಲ್ಲಿ ಆಕೆಗೊಂದು ಬಾಗಿಲು ಸಿಗುತ್ತದೆ. ಬಾಗಿಲಿನಾಚೆ ಇನ್ನೊಂದು ಊರು, ಆ ಊರಿಗೆ ಬೇರೆಯೇ ಸೂರ್ಯ. ಅಲ್ಲಿ ಮೀನುಗಳು ಬೀಸುವ ಕಲ್ಲಿನ ಮುಂದೆ ಕೂತು ಹಾಡು ಹೇಳುತ್ತವೆ. ಆ ಊರನ್ನು ಆಳಿ, ಹಸಿರು ಸೀರೆ ಉಟ್ಟು, ಅದೇ ಬಾವಿಯ ಮೆಟ್ಟಿಲು ಹತ್ತಿ ಬಂದು, ಅತ್ತೆಯನ್ನು ಕಟ್ಟೆಯ ಮೇಲೆ ಕೂಡಿಸಿ ಜವಾಬು ಕೇಳುತ್ತಾಳೆ. ಆ ಜವಾಬು ಕೇಳುವ ಭಾಗಕ್ಕಾಗಿಯೇ ನಮ್ಮ ಓಣಿಯ ಹೆಂಗಸರು ಕಾದು ಕೂತಿರುತ್ತಿದ್ದರು.

ಹಾಳೆ ತಿರುವಿದೆ. ಮುಂದಿನ ಕತೆಯಲ್ಲಿ ಕುರಿ ಕಾಯುವ ಹುಡುಗಿ ಬಾವಿಗೆ ಬಿದ್ದಿದ್ದಳು. ಅದರ ಮುಂದಿನದರಲ್ಲಿ ರಾಜನ ಮಗಳು. ಇನ್ನೊಂದರಲ್ಲಿ ಒಂದು ಇಣಚಿ, ಬರೀ ಒಂದು ಅಳಿಲು; ಅದೂ ಬಾವಿಗೆ.

ಇದು ಎರಡು ಸಾವಿರದ ಎಂಟನೇ ಇಸವಿಯ ಮಾತು. ಬೀರುಗಳಲ್ಲಿ ಬೀಗ ಹಾಕಿಟ್ಟ ಪಿಎಚ್.ಡಿ. ಪ್ರಬಂಧಗಳನ್ನೆಲ್ಲ ಸ್ಕ್ಯಾನ್ ಮಾಡಿ ಇಂಟರ್‌ನೆಟ್ಟಿಗೆ ಏರಿಸಬೇಕೆಂದು ವಿಶ್ವವಿದ್ಯಾಲಯದಿಂದ ಆದೇಶ ಬಂದಿತ್ತು. ಇನ್ನು ಯಾರು ಬೇಕಾದರೂ, ಯಾರ ಪರವಾನಗಿಯೂ ಇಲ್ಲದೆ, ಕೂತಲ್ಲೇ ಓದಬಹುದು. ಅದಕ್ಕೆ ‘ಮುಕ್ತ ಭಂಡಾರ’ ಎಂದು ಹೆಸರು. ಆ ಹೆಸರಿಗೆ ಮರುಳಾಗಿಯೇ ನಾನು ಹುಮನಾಬಾದಿನ ಕಾಲೇಜಿಗೆ ಈ ದಿನಗೂಲಿ ಕೆಲಸಕ್ಕೆ ಬಂದವಳು. ನಾವು ಆಯಿ ಎಂದು ಕರೆಯುವ ನನ್ನ ಅಜ್ಜಿಯ ಕತೆಗಳಲ್ಲಿ ಭಂಡಾರವೆಂದರೆ ಹಾವು ಕಾಯುವ ಜಾಗ. ಹಾವನ್ನು ಓಡಿಸಿ ಬಾಗಿಲು ತೆಗೆಯುವ ಪಾಳಿ ನನ್ನದು ಅಂದುಕೊಂಡಿದ್ದೆ. ಬಾಗಿಲು ತೆಗೆದರೆ ಒಳಗೆ ಸಿಕ್ಕಿದ್ದು ಇದು.

ಪ್ರಬಂಧ ನಮ್ಮ ಕಾಲೇಜಿನ ಕನ್ನಡ ವಿಭಾಗದ ಮುಖ್ಯಸ್ಥರಾದ ಓಂಪ್ರಕಾಶ ಸರ್ ಅವರದು, ಹಿಂದಿನ ದಶಕದ್ದು. ಬಸವಕಲ್ಯಾಣ ತಾಲೂಕಿನ ಕೂಲಿ ಹೆಂಗಸರ ಕತೆಗಳ ಮೇಲೆ ಬರೆದದ್ದು. ಕೊನೆಯ ಅಧ್ಯಾಯಕ್ಕೆ ಹೋದೆ. ‘ಈ ಹೆಂಗಸರ ಕಲ್ಪನೆಗೆ ಸಾವಿನಾಚೆ ದಾರಿ ಕಾಣುವುದಿಲ್ಲ. ಕಥನವು ಬೆಳೆಯುವ ಮೊದಲೇ ಕಮರುತ್ತದೆ. ನಿರೂಪಕಿಯರ ಸ್ಮೃತಿದೌರ್ಬಲ್ಯವೂ ಇದಕ್ಕೆ ಕಾರಣ. ಉದಾಹರಣೆಗೆ ಮೋರಖಂಡಿಯ ಸೋನುಬಾಯಿ.’

ಸೋನುಬಾಯಿ ನಮ್ಮ ಆಯಿ. ನನ್ನ ಅಪ್ಪ ತುಳಜಾರಾಮನನ್ನು ಹೆತ್ತವಳು.

ಸರ್ ಊರಿಗೆ ಬಂದ ದಿನ ನನಗೆ ನೆನಪಿದೆ. ನಾನಾಗ ಎರಡನೇ ಇಯತ್ತೆ. ಅವರು ನಮ್ಮ ಓಣಿಗೆ ಬರಲಿಲ್ಲ. ಗೌಡರ ಪಡಸಾಲೆಯಲ್ಲಿ ಕೂತು ಆಯಿಯನ್ನು ಕರೆಸಿದರು. ಜೊತೆಗೆ ಹೋದ ಓಣಿಯ ಹೆಂಗಸರನ್ನೂ ಮಕ್ಕಳನ್ನೂ ಅಂಗಳದಲ್ಲಿ ನಿಲ್ಲಿಸಿ, ಟೇಪ್‌ರೆಕಾರ್ಡರಿನ ಗುಂಡಿ ಒತ್ತುವ ಮೊದಲು ಹೇಳಿದರು: “ಯಾರೂ ಪಿಟ್ಟನ್ನಬಾರದು. ಟೇಪಿನ್ಯಾಗ ಸದ್ದು ಬರ್ತದ. ಮುದುಕಿ ಒಬ್ಬಾಕೀನೇ ಮಾತಾಡ್ಬೇಕು.”

ನಮ್ಮ ಕಡೆ ಕತೆಯನ್ನು ಒಬ್ಬರೇ ಹೇಳುವುದಿಲ್ಲ. ಹೇಳುವವರು ಒಂದು ಮಾತು ಹೇಳಿ ತಡೆಯುತ್ತಾರೆ, ಕೇಳುವವರು ‘ಹೂಂ’ ಅನ್ನಬೇಕು. ಹೂಂ ಬಂದರೆ ಕತೆ ಮುಂದಕ್ಕೆ. ಬರದಿದ್ದರೆ ಕೇಳುವವರಿಗೆ ನಿದ್ದೆ ಬಂದಿದೆ, ಇಲ್ಲವೇ ಮನಸ್ಸಿಲ್ಲ. ಆಗ ಆಯಿ ಕತೆಯೊಳಗೆ ಯಾರು ಕೈಗೆ ಸಿಕ್ಕರೋ ಅವರನ್ನು ಬಾವಿಗೆ ನೂಕಿ, ‘ಬಿದ್ಲು, ಸತ್ಲು, ಕತಿ ಮುಗೀತು’ ಎಂದು ಮಗ್ಗಲು ಬದಲಿಸುತ್ತಿದ್ದಳು. ಅದು ಅಂಗಡಿಯ ಬಾಗಿಲು ಹಾಕಿದಂತೆ, ಅಷ್ಟೇ. ಎಷ್ಟೋ ಸಲ ಮಂಪರಿನಲ್ಲಿದ್ದ ನಾನು ‘ಬಿದ್ಲು’ ಎಂಬುದು ಕಿವಿಗೆ ತಾಕಿದ್ದೇ ಎದ್ದು ಕೂತು ‘ಹೂಂ, ಹೂಂ, ಹೂಂ’ ಎಂದು ಕೂಗಿ ಸೊಸೆಯನ್ನು ಬದುಕಿಸಿಕೊಂಡಿದ್ದೇನೆ.

ಗೌಡರ ಅಂಗಳದಲ್ಲಿ ಯಾರ ಬಾಯಿಯೂ ತೆರೆದಿರಲಿಲ್ಲ. ಹೀಗಾಗಿ ಎಲ್ಲರೂ ಬಾವಿಗೆ ಬಿದ್ದರು. ಅವರು ಬಿದ್ದ ಬಾವಿಯ ಮೇಲೆ ನಿಂತು ಸರ್ ಡಾಕ್ಟರ್ ಆದರು.

“ಏನಾತು ಮೀನಾ? ಮಷೀನಿನ ಮ್ಯಾಲ ಹಾವು ಕಂಡಂಗ ನಿಂತಿ?” ಗ್ರಂಥಪಾಲಕಿ ವಹೀದಾ ಮೇಡಂ ಕೇಳಿದರು.

ಹೇಳಿದೆ. ಇಣಚಿಯ ವಿಷಯ ಬಂದಾಗ ಅವರು ನಕ್ಕರು. ಕೊನೆಯ ಅಧ್ಯಾಯ ಓದಿಸಿದಾಗ ನಗು ನಿಂತಿತು. ಎದ್ದು ಹೋಗಿ, ಆಗಲೇ ಸ್ಕ್ಯಾನ್ ಮಾಡಿಟ್ಟಿದ್ದ ರಾಶಿಯಿಂದ ಇನ್ನೂ ಕೆಲವು ಪ್ರಬಂಧಗಳನ್ನು ಎಳೆದು ತಂದು ಮೇಜಿನ ಮೇಲೆ ಹಾಕಿದರು.

“ಸೋನುಬಾಯಿ ಅಂತ ಹೆಸರು ಎಲ್ಲೋ ಓದೀನಿ ಅಂತ ಅನಸ್ತಿತ್ತು. ನೋಡು, ಇವರೂ ಬರದಾರ. ಇವರೂ.”

ಅವರ್ಯಾರೂ ಮೋರಖಂಡಿಯ ಮುಖ ಕಂಡವರಲ್ಲ. ಸರ್ ಬರೆದದ್ದನ್ನು ಒಬ್ಬರು ಎತ್ತಿಕೊಂಡಿದ್ದರು, ಅವರದನ್ನು ಇನ್ನೊಬ್ಬರು. ಕೊನೆಯವರ ಹೊತ್ತಿಗೆ ನಮ್ಮ ಆಯಿ ‘ಸ್ಮೃತಿಹೀನ ವೃದ್ಧೆ’ ಆಗಿದ್ದಳು.

“ಪರೀಕ್ಷಾದಾಗ ಹಿಂಗ ಮಾಡಿದ್ರ ಕಾಪಿ ಅಂತ ಹಿಡದು ಹೊರಗ ಹಾಕ್ತೀವಿ,” ಎಂದರು ಮೇಡಂ.

“ಸರ್‌ದು ಒಂದು ಬಿಟ್ಟುಬಿಡೂಣ್ರಿ ಮೇಡಂ. ಪಾಸ್‌ವರ್ಡ್ ನಿಮ್ಮ ಕೈಯಾಗೇ ಅದ. ಯಾರಿಗಿ ಗೊತ್ತಾಗ್ತದ?”

“ಆದೇಶದಾಗ ‘ಎಲ್ಲಾ’ ಅಂತ ಅದ, ಬೇಟಾ. ನಾಳಿ ತನಕಾ ತಡೀತೀನಿ. ನಿಮ್ಮ ಆಯೀನ ಒಂದು ಮಾತು ಕೇಳ್ಕೊಂಡು ಬಾ.”

ಆ ಸಂಜೆ ಬಸ್ಸು ರಾಜೇಶ್ವರ ದಾಟಿ ಸಸ್ತಾಪುರ ಬಂಗ್ಲಾ ಕ್ರಾಸಿನಲ್ಲಿ ಹೊರಳುವವರೆಗೂ ನಾನು ಕಿಟಕಿಯ ಸರಳು ಬಿಟ್ಟಿರಲಿಲ್ಲ. ಬಸವಕಲ್ಯಾಣದಲ್ಲಿ ಇಳಿದು ಟಂಟಂ ಆಟೋ ಹಿಡಿದು ಊರು ಸೇರಿದಾಗ ಆಯಿ ಬಾಗಿಲಲ್ಲಿ ತೊಗರಿ ಕೇರುತ್ತಿದ್ದಳು.

“ಆಯಿ, ಟೇಪ್ ತಂದಿದ್ದ ಸರ್‌ಗೆ ಕತಿ ಪೂರಾ ಯಾಕ ಹೇಳ್ಲಿಲ್ಲ?”

“ಯಾರಿಗಿ ಹೇಳ್ಲಿ, ಆ ಡಬ್ಬಿಗಿ? ಅಂವಾ ಗ್ವಾಡಿ ಹಂಗ ಕುಂತಿದ್ದ. ಹೂಂ ಇಲ್ಲ, ಹಾಂ ಇಲ್ಲ. ಮನಸಿಲ್ಲೇನೋ ಅಂತ ನೂಕ್ದೆ ಬಾವ್ಯಾಗ. ‘ಇನ್ನೊಂದು ಹೇಳು’ ಅಂದ. ಅದನ್ನೂ ನೂಕ್ದೆ.”

“ಇಣಚೀನೂ?”

“ಅದಕ್ಕೇನು ರೆಕ್ಕಿ ಅದಾವ?”

ಪ್ರಬಂಧದಲ್ಲಿ ಏನಿದೆ ಎಂದು ಹೇಳಿದೆ. ಮೊರದೊಳಗಿನ ತೊಗರಿ ಅಲ್ಲೇ ನಿಂತಿತು.

“ನನಗ ಮರವು ಅಂತ ಬರದಾನ?”

“ಹೂಂ.”

“ಬುಕ್ಕಿನ್ಯಾಗ?”

“ಬುಕ್ಕಿನ್ಯಾಗೇ.”

“ಸುಡು ಅದನ್ನ. ಯಾರಿಗೂ ತೋರಿಸಬ್ಯಾಡ. ಹುಲಸೂರಾಗ ನಮ್ಮ ಬೀಗರದಾರ, ಗೊತ್ತಾದ್ರ ಏನಂದಾರು?” ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು. ಆ ರಾತ್ರಿ ಉಣ್ಣಲಿಲ್ಲ.

ಮರುದಿನ ಸರ್ ಅವರ ಕೋಣೆಗೆ ಹೋದೆ. ಮೊದಲು ಚೆನ್ನಾಗಿಯೇ ಮಾತಾಡಿದರು. “ಬಾರವ್ವ, ಕುಂಡ್ರು. ಸೋನುಬಾಯಿ ಮೊಮ್ಮಗಳೇನ ನೀ? ಭಾಳ ಛಲೋ ಮುದುಕಿ.”

“ಮರವಿನ ಮುದುಕಿ ಅಂತ ಬರದೀರಲ್ರಿ ಸರ್?”

ಹೂಂ ಎಂದರೇನು, ಹೂಂ ಇಲ್ಲದಿದ್ದರೆ ಏನಾಗುತ್ತದೆ, ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಕ್ಷೇತ್ರಕಾರ್ಯಕ್ಕ ಒಂದು ಪದ್ಧತಿ ಇರ್ತದವ್ವ. ಹೊರಗಿನ ಸದ್ದು ಇರಬಾರದು.”

“ಹೂಂ ಹೊರಗಿನ ಸದ್ದಲ್ರಿ. ಅದು ಕತಿ ಒಳಗಿಂದು. ನೀವ ಅದರ ಬಾಯಿ ಮುಚ್ಚಿಸಿದ್ರಿ. ಆಮ್ಯಾಲ ಈ ಹೆಣ್ಮಕ್ಕಳಿಗಿ ಮಾತು ಬರಲ್ಲ ಅಂತ ಬರದ್ರಿ.”

ಅವರ ಮುಖ ನೋಡುತ್ತಿದ್ದೆ. ಅವರಿಗೆ ಅರ್ಥವಾಗಿತ್ತು. ದಡ್ಡರಲ್ಲ ಅವರು, ದಡ್ಡರಾಗಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಎದ್ದು ಕೋಣೆಯ ಬಾಗಿಲು ಮುಂದೆ ಮಾಡಿ ಬಂದು ಕೂತರು.

“ಹಂಗಿದ್ರ ಒಂದು ಕೆಲಸ ಮಾಡು. ಅದನ್ನ ಸ್ಕ್ಯಾನ್ ಮಾಡಬ್ಯಾಡ. ಹಾಳಿ ಹರದಾವ ಅಂತ ಹೇಳು. ಬೀರುದಾಗೇ ಇರ್ಲಿ. ನಿಮ್ಮ ಆಯಿ ಹೆಸರೂ ಉಳೀತದ, ನಂದೂ ಉಳೀತದ.”

ಇದೇ ಮಾತನ್ನು ನಾನು ಹಿಂದಿನ ದಿನ ವಹೀದಾ ಮೇಡಂ ಮುಂದೆ ಆಡಿದ್ದೆ. ಆಯಿಯೂ ಇದನ್ನೇ ಹೇಳಿದ್ದಳು. ಈಗ ಅವರ ಬಾಯಲ್ಲಿ ಕೇಳಿದಾಗ ಮೈಯೆಲ್ಲ ಉರಿಯಿತು. ಬೀರು! ಈ ಸುಳ್ಳು ಕೊಬ್ಬಿದ್ದೇ ಬೀಗ ಹಾಕಿದ ಬೀರಿನೊಳಗೆ. ಒಳಗೆ ಹೋಗಲು ಪರವಾನಗಿ ಇದ್ದವರು ಹೋದರು, ಓದಿದರು, ನಕಲು ಮಾಡಿಕೊಂಡು ಅವರೂ ಡಾಕ್ಟರ್ ಆದರು. ‘ಇದು ಸುಳ್ಳು’ ಎಂದು ಹೇಳಬಲ್ಲವಳು ಮೋರಖಂಡಿಯಲ್ಲಿ ತೊಗರಿ ಕೇರುತ್ತ ಕೂತಿದ್ದಳು. ಆಕೆಗೆ ತನ್ನ ಹೆಸರು ಅಲ್ಲಿದೆಯೆಂಬುದೇ ಗೊತ್ತಿರಲಿಲ್ಲ.

“ತೆರೀತೀನ್ರಿ ಸರ್,” ಎಂದೆ. “ಪೂರಾ ತೆರೀತೀನಿ. ನೀವು ಅದರ ಜೋಡಿ ‘ತಪ್ಪಾಗ್ಯಾದ’ ಅಂತ ಬರದು ಕೊಡ್ರಿ.”

“ಯಾರ ಮುಂದ ಮಾತಾಡಾಕತ್ತಿ, ಖಬರ್ ಅದ ಏನು? ಪ್ರಿನ್ಸಿಪಾಲರಿಗೆ ಹೇಳ್ತೀನಿ. ನಾಳಿಂದ ಕೆಲಸಕ್ಕ ಬರಬ್ಯಾಡ.”

“ನಾಳಿಂದ ಅಲ್ರಿ? ಇವತ್ತಿನ ದಿನ ನಂದದ.”

ಗ್ರಂಥಾಲಯಕ್ಕೆ ಬಂದು ಮುಚ್ಚಳ ಎತ್ತಿದೆ. “ಹುಷಾರ,” ಎಂದರು ವಹೀದಾ ಮೇಡಂ, “ಹಾಳಿ ಸೊಟ್ಟ ಬರಬಾರದು. ದುನಿಯಾನೇ ಓದ್ತದ.” ಒಂದೊಂದಾಗಿ ಎಲ್ಲ ಹಾಳೆ ಇಟ್ಟೆ. ಸೊಸೆ, ಕುರಿ ಕಾಯುವ ಹುಡುಗಿ, ರಾಜನ ಮಗಳು, ಇಣಚಿ. ಸಂಜೆಯ ಹೊತ್ತಿಗೆ ಮೇಡಂ ಪಾಸ್‌ವರ್ಡ್ ಹೊಡೆದು ಏರಿಸಿದರು.

“ಕೆಳಗ ನಾ ಬರೀಲೇನ್ರಿ, ಇದು ಸುಳ್ಳು ಅಂತ?”

“ಆಗಲ್ಲ. ತಿದ್ದುಪಡಿ ಇದ್ರ ಬರದವ್ರೇ ಸಹಿ ಮಾಡಿ ಕೊಡ್ಬೇಕು. ಕೊಟ್ರ ಪ್ರಬಂಧದ ಜೋಡೀನೇ ಹಾಕ್ತೀನಿ, ಅದನ್ನ ಬಿಟ್ಟು ಇದನ್ನ ಯಾರೂ ತೆರಿಯಾಕ ಆಗಬಾರದು ಹಂಗ.” ಕಂಪ್ಯೂಟರ್ ಆರಿಸುತ್ತ, “ಅಂವಾ ಕೊಡ್ತಾನಂತ ಆಸೆ ಇಟ್ಕೋಬ್ಯಾಡ,” ಎಂದರು.

ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನ ಎದುರು ಒಂದು ಇಂಟರ್‌ನೆಟ್ ಸೆಂಟರ್ ಇತ್ತು. ರವಿವಾರ ಅಲ್ಲಿಗೆ ಹೋಗಿ ತೆರೆದು ನೋಡಿದೆ. ಸುಳ್ಳೆಲ್ಲ ನಿಚ್ಚಳವಾಗಿ ಅಲ್ಲಿತ್ತು. ಬೇಕಾದ ಹಾಳೆಗಳ ಪ್ರಿಂಟು ತೆಗೆಸಿ, ಓಣಿಯ ಹೆಂಗಸರನ್ನು ಕೂಡಿಸಿ, ಕೊನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿದೆ. ತಿದ್ದುಪಡಿಗೆ ಸರ್ ಅವರ ಸಹಿಯೇ ಬೇಕೆಂದೂ ಹೇಳಿದೆ.

ಆಯಿ ನನ್ನ ಮೇಲೆಯೇ ಹರಿಹಾಯ್ದಳು. “ಸುಡು ಅಂದ್ರ ಊರಿಗೆಲ್ಲಾ ಡಂಗುರ ಹೊಡದು ಬಂದಿ? ಹೊಟ್ಟ್ಯಾಗಿನ ವೈರಿ ನೀ!”

“ಸೋನುಬಾಯಿ, ನೀ ಜರಾ ಸುಮ್ಮಕಿರು,” ಎಂದಳು ಎದುರು ಮನೆಯ ಯಶೋದಾಬಾಯಿ. “ಮೀನೀ, ಅದೇನೋ ದಾರಿ ಅಂದೆಲ್ಲ, ಅದನ್ನ ಮತ್ತ ಓದು.”

“ಈ ಹೆಂಗಸರ ಕಲ್ಪನೆಗೆ ಸಾವಿನಾಚೆ ದಾರಿ ಕಾಣುವುದಿಲ್ಲ.”

“ಯಾರಿಗಿ ಕಾಣಲ್ಲಂತ? ಗಂಡ ಬಿಟ್ಟು ಹ್ವಾದ ಮ್ಯಾಲ ನಾ ಬಾವಿಗಿ ಬಿದ್ನೇನ? ದುಡದು ಮೂರು ಹೆಣ್ಮಕ್ಕಳ ಮದಿವಿ ಮಾಡ್ದೆ. ಆ ಟೇಪಿನಂವಾ ಬಂದು ನನ್ನ ಕೇಳ್ಯಾನೇನ ಭಾಡ್ಯಾ?”

ಆಮೇಲೆ ಓಣಿ ತುಂಬ ಬೈಗುಳ. ಒಬ್ಬಳು ಸರ್ ಅವರ ಟೇಪನ್ನು ಬೈದರೆ ಇನ್ನೊಬ್ಬಳು ಅವರ ಕುಲವನ್ನೇ ಬೈದಳು. ಎಲ್ಲರೂ ಎದ್ದು ಹೋದ ಮೇಲೆ ಆಯಿ ಕೇಳಿದಳು.

“ತಪ್ಪಾತು ಅಂತ ಅವನೇ ಬರಿಬೇಕೇನ?”

“ಅವ್ರೇ ಬರಿಬೇಕು.”

“ಸಾಲಿಗಿ ಎಷ್ಟಕ್ಕ ಬರ್ತಾನ?”

ಸೋಮವಾರ ಆಯಿ, ಯಶೋದಾಬಾಯಿ, ನಾನು ಮೊದಲ ಬಸ್ಸಿಗೆ ಹೊರಟು ಸರ್ ಅವರ ಕೋಣೆಯ ಹೊಸ್ತಿಲಲ್ಲಿ ಕೂತೆವು. ಜವಾನ ಬಕ್ಕಪ್ಪ ಎಬ್ಬಿಸಲು ನೋಡಿದ. “ಅವ್ವಾ, ಇಲ್ಲಿ ಕುಂಡ್ರಬಾರದು.”

“ಕುಂತಾಯ್ತಲ್ಲೋ ತಮ್ಮಾ,” ಎಂದಳು ಆಯಿ.

ಹುಡುಗಿಯರು ಗುಂಪುಗೂಡಿದರು. ಯಾಕೆ ಕೂತಿದ್ದೀರಿ ಎಂದು ಕೇಳಿದವರಿಗೆಲ್ಲ ನಾನು ಒಂದೇ ಮಾತು ಹೇಳಿದೆ: ಗ್ರಂಥಾಲಯಕ್ಕೆ ಹೋಗಿ ಕಂಪ್ಯೂಟರಿನಲ್ಲಿ ತೆರೆದು ಓದ್ರಿ, ಬೀಗ ಇಲ್ಲ. ಓಡಿ ಹೋಗಿ ಓದಿ ಬಂದರು. ಗೋರ್ಟಾದಿಂದ ಬರುವ ದೀಪಾಲಿ ಎಂಬ ಬಿ.ಎ. ಹುಡುಗಿ ಹೊಟ್ಟೆ ಹಿಡಿದು ನಗುತ್ತ ಬಂದಳು. “ನಮ್ಮ ಅಮ್ಮನೂ ಹಿಂಗೇ ನೂಕ್ತಾಳ್ರಿ! ಹೂಂ ಅನ್ನಲಿಲ್ಲಂದ್ರ ಆನಿನೂ ಬಿಡಲ್ಲ. ಅಷ್ಟೂ ಗೊತ್ತಿಲ್ಲೇನ್ರಿ ಸರ್‌ಗೆ?”

ಆಕೆಯ ಬೆನ್ನ ಹಿಂದೆಯೇ ಸರ್ ನಿಂತಿದ್ದರು. ಆಕೆಯ ಮಾತು ಕೇಳಿಸಿತ್ತು. ಆಯಿಯನ್ನು ನೋಡಿದರು, ಹುಡುಗಿಯರನ್ನು ನೋಡಿದರು, ಹೊಸ್ತಿಲು ದಾಟಲಾಗದೆ, “ಕ್ಲಾಸದ ನನಗ,” ಎಂದು ಹೊರಳಿ ಹೋದರು.

ತಾಸು ಕಳೆಯಿತು. ಬಕ್ಕಪ್ಪ ತಲೆ ತಗ್ಗಿಸಿಕೊಂಡು ಬಂದ. “ಅವ್ವಾ, ಸಾಹೇಬ್ರು ಸ್ಟಾಫ್‌ರೂಮಿನ್ಯಾಗ ಕುಂತಾರ. ನೀವು ಊರಿಗಿ ಹೋಗ್ರಿ, ಮುಂದ ನೋಡೂಣು ಅಂತ ಹೇಳ್ಯಾರ.”

ಆಯಿ ಸೆರಗು ಬಿಗಿದುಕೊಂಡು ಗೋಡೆಗೆ ಬೆನ್ನು ಕೊಟ್ಟಳು.

“ನೋಡೂದು ನಾ ನೋಡ್ಕೋತೀನಿ. ಅವನಿಗಿ ‘ತಪ್ಪಾತು’ ಅಂತ ಬರಿ ಅನ್ನು.”