ರಾಧಿಕಾಳ ಕಣ್ಣಿನ ಅಳತೆ

ಬೊಮ್ಮನಹಾಳಿನ ರಾಧಿಕಾಳ ಕನ್ನಡಕವನ್ನು ಅವಳ ಎಂಟು ತಿಂಗಳ ಮಗಳು ಕಿತ್ತು ಕಲ್ಲಿನ ಮೇಲೆ ಎಸೆದಳು. ಒಡೆದದ್ದು ಅದು ಮೂರನೆಯದು. ಹೊಸದು ಬರುವ ತನಕ ಎರಡು ದಿನ ರಾಧಿಕಾ ಗೋಡೆ ಹಿಡಿದುಕೊಂಡೇ ಓಡಾಡಿದಳು. ಎರಡನೆಯ ದಿನ ಕೂಸು ಅಂಬೆಗಾಲಿಟ್ಟುಕೊಂಡು ಉರಿಯುವ ಒಲೆಯ ಹತ್ತಿರ ಹೋಯಿತು. ಅದೇ ಮನೆಯೊಳಗಿದ್ದ ತಾಯಿಗೆ ಕಾಣಲೇ ಇಲ್ಲ. ಅತ್ತೆ ಶಂಕ್ರಮ್ಮ ಕೂಗಿಕೊಂಡು ಓಡಿ ಬಂದು ಎತ್ತಿಕೊಂಡಳು.

ನಾನು ಸುಂಕಮ್ಮ, ಆ ಓಣಿಯ ಆಶಾ ಕಾರ್ಯಕರ್ತೆ. ಸುದ್ದಿ ಕೇಳಿ ಹೋದಾಗ ಅತ್ತೆ ಸೊಸೆ ಜಗಳಕ್ಕೆ ನಿಂತಿದ್ದರು.

“ಅಕ್ಕಾ, ನಾ ಕಣ್ಣಿಗೆ ಲೇಸರ್ ಮಾಡಿಸಿ ಕನ್ನಡಕ ಬಿಡ್ತೀನಿ,” ಎಂದಳು ರಾಧಿಕಾ. “ಯಾರು ಬ್ಯಾಡ ಅಂದ್ರೂ ಬಿಡೋದಿಲ್ಲ. ನನ್ನ ಕೂಸು ನಂಗ ಕಾಣಬೇಕು, ಅಷ್ಟೆ!”

ಶಂಕ್ರಮ್ಮ ಜಂಪರ್ ಹೊಲಿದು ಸಂಸಾರ ನಡೆಸಿದವಳು. ಮಿಷಿನ್ ಬಿಟ್ಟು ಎದ್ದು ಬಂದಳು. “ಏನವಾ ಸುಂಕಮ್ಮ, ಕಣ್ಣಾಗ ಬೆಂಕಿ ಬಿಟ್ಟು ಸುಡ್ತಾರಂತಲ್ಲ? ಇದ್ದ ಕಣ್ಣೂ ಹೋದ್ರ ಏನು ಮಾಡಾಣ?”

“ಅಯ್ಯ, ಬೆಂಕಿ ಅಲ್ರಿ ಶಂಕ್ರಮ್ಮಕ್ಕ! ಕಣ್ಣಿನ ಮುಂದ ಗಾಜಿನಂಥ ಪದರ ಐತಲ್ಲ, ಲೇಸರ್ ಬೆಳಕಿನಿಂದ ಅದರ ಆಕಾರ ಒಂಚೂರು ತಿದ್ದುತಾರ. ಮೊದಲು ಜೋಮು ಹಿಡಿಯೋ ಹನಿ ಹಾಕ್ತಾರ. ಕೆಲವೇ ನಿಮಿಷದ ಕೆಲಸ. ಆದ್ರ ಎಲ್ಲಾರಿಗೂ ಆಗೋದಿಲ್ಲ. ಹದಿನೆಂಟು ದಾಟಿರಬೇಕು, ಆ ಪದರ ಸಾಕಷ್ಟು ದಪ್ಪ ಇರಬೇಕು, ಒಂದು ವರ್ಷದಿಂದ ಕನ್ನಡಕದ ನಂಬರ್ ಬದಲಾಗಿರಬಾರದು. ಪರೀಕ್ಷೆ ಮಾಡಿ ಡಾಕ್ಟ್ರೇ ಹೇಳಬೇಕು.”

ಪರೀಕ್ಷೆಯಾದರೂ ಆಗಲಿ ಎಂದು ಶಂಕ್ರಮ್ಮ ಒಪ್ಪಿದಳು. ವಾರ ಕಳೆಯುವುದರೊಳಗೆ ಕೂಸನ್ನೂ ಕಟ್ಟಿಕೊಂಡು ಮೂವರೂ ಬಳ್ಳಾರಿ ಬಸ್ಸು ಹತ್ತಿದೆವು. ದಾರಿಯಲ್ಲಿ ರಾಧಿಕಾ ನನ್ನ ಕಿವಿಯ ಹತ್ತಿರ ಬಂದಳು. “ಅಕ್ಕಾ, ಕೂಸು ಇನ್ನೂ ಎದಿಹಾಲು ಕುಡಿತೈತಿ ಅಂತ ಡಾಕ್ಟ್ರ ಮುಂದ ಹೇಳಬ್ಯಾಡ. ಹೇಳಿದ್ರ ವಾಪಸ್ ಕಳಿಸ್ತಾರಂತ. ಕೂಸಿನ್ನ ಅತ್ತಿ ಹತ್ರ ಹೊರಗ ಬಿಡ್ತೀನಿ.”

ನನಗೆ ಸಿಟ್ಟು ನೆತ್ತಿಗೇರಿತು. “ಯಾಕ ಕಳಿಸ್ತಾರ ಅಂತ ಒಂದು ಸಲನಾರ ಯೋಚನಿ ಮಾಡಿದೇನು? ನೀ ಹೇಳದಿದ್ರ ನಾನೇ ಹೇಳ್ತೀನಿ. ಕಣ್ಣು ನಿಂದಲ್ಲೇನವಾ?” ಅವಳು ಕೂಸನ್ನು ಎತ್ತಿಕೊಂಡು ಹಿಂದಿನ ಸೀಟಿಗೆ ಹೋಗಿ ಕೂತಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿಯೇ ಕೇಳಿದರು. “ಬಸುರಿ ಏನಾದ್ರೂ ಆಗಿದ್ದೀರಾ? ಮಗುವಿಗೆ ಹಾಲು ಕುಡಿಸ್ತೀರಾ?” ರಾಧಿಕಾ ನೆಲ ನೋಡಿದಳು, ನನ್ನನ್ನು ನೋಡಿದಳು. ಕಡೆಗೆ, “ಹೌದ್ರಿ, ಕುಡಿಸ್ತೀನ್ರಿ,” ಎಂದಳು.

“ಒಳ್ಳೇದಾಯ್ತು ಹೇಳಿದ್ದು. ಬಸಿರಾದಾಗ, ಹಾಲು ಕುಡಿಸೋವಾಗ ಕಣ್ಣಿನ ನಂಬರ್ ಏರುಪೇರಾಗಬಹುದು, ಕಣ್ಣು ಒಣಗಬಹುದು. ಈಗ ಮಾಡಿದ್ರೆ ಲೆಕ್ಕ ತಪ್ಪುತ್ತೆ. ಹಾಲು ಬಿಡಿಸಿ ಕೆಲವು ತಿಂಗಳಾದ ಮೇಲೆ ಬನ್ನಿ. ಅಲ್ಲಿ ತನಕ ಕನ್ನಡಕಕ್ಕೆ ತಲೆ ಹಿಂದೆ ಕಟ್ಟೋ ಪಟ್ಟಿ ಹಾಕಿಸಿಕೊಳ್ಳಿ. ಕೂಸು ಎಳೆದ್ರೂ ಸುಲಭಕ್ಕೆ ಬರೋದಿಲ್ಲ.”

ಹೊರಗೆ ಬಂದವಳೇ ರಾಧಿಕಾ ಬಿಕ್ಕಿ ಬಿಕ್ಕಿ ಅತ್ತಳು. “ಸುಳ್ಳು ಹೇಳಿದ್ರ ಇವತ್ತೇ ಮುಗೀತಿತ್ತು!”

ತನ್ನ ಮಾತೇ ಗೆದ್ದಿತೆಂದು ಶಂಕ್ರಮ್ಮ ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಸೊಸೆಯ ಪಕ್ಕ ಕೂತಳು. “ಏ ಹುಚ್ಚಿ, ಬಸುರಿ ಬಂದು ಜಂಪರಿಗೆ ಅಳತಿ ಕೊಟ್ರ ನಾ ಏನಂತೀನಿ? ಮೈ ಒಂದು ಕಡಿ ನಿಂತ ಮ್ಯಾಲೆ ಬಾ ಅಂತೀನಿ. ಅದಾದ್ರೂ ಒಳಗ ಬಟ್ಟಿ ಬಿಟ್ಟು ಹೊಲಿದಿರ್ತೀನಿ, ಬಿಚ್ಚಿ ಸರಿ ಮಾಡಬಹುದು. ಕಣ್ಣಾಗ ಎಲ್ಲಿ ಬಟ್ಟಿ ಬಿಡ್ತಾರ? ಕಾಯೋಣ. ಆಮ್ಯಾಲೆ ನಾನೇ ಕರಕೊಂಡು ಬರ್ತೀನಿ.”

ರಾಧಿಕಾ ಹಟ ಬಿಡಲಿಲ್ಲ, ಅವಸರ ಬಿಟ್ಟಳು. ಹಾಲು ಬಿಡಿಸಿ ಐದು ತಿಂಗಳಿಗೆ ಹೋದರೆ ನಂಬರ್ ನಿಜವಾಗಿಯೂ ಬದಲಾಗಿತ್ತು. ಅಂದು ಸುಳ್ಳು ಹೇಳಿದ್ದರೆ ಏನಾಗುತ್ತಿತ್ತು ಎಂದು ಆಗ ಅವಳಿಗೇ ಅರ್ಥವಾಯಿತು. ಇನ್ನೂ ಒಂದು ವರ್ಷ ಕಾದಳು. ನಂಬರ್ ಕದಲಲಿಲ್ಲ, ಪದರವೂ ದಪ್ಪವಿತ್ತು. ಎರಡೂ ಕಣ್ಣಿಗೆ ಲೇಸರ್ ಆಯಿತು.

ಮಾರನೆಯ ದಿನ ಪಕ್ಕದ ಮನೆಯ ದ್ರಾಕ್ಷಾಯಣಮ್ಮ ಬಟ್ಟಲಲ್ಲಿ ಹರಳೆಣ್ಣೆ ತಂದಳು, ಕಣ್ಣಿಗೆ ತಂಪು ಅಂತ. ಶಂಕ್ರಮ್ಮ ಬಾಗಿಲಲ್ಲೇ ತಡೆದಳು. “ಡಾಕ್ಟ್ರು ಬರೆದ ಹನಿ ಬಿಟ್ರ ಏನೂ ಬೀಳೋ ಹಂಗಿಲ್ಲ. ನೀರೂ ಬೀಳಬಾರದು, ಉಜ್ಜಲೂಬಾರದು. ಎಣ್ಣಿ ನಿನ್ನ ಮೊಣಕಾಲಿಗೆ ಹಚ್ಚಿಕೋ ಹೋಗವಾ!”

ಕೆಲವು ದಿನ ಕಣ್ಣು ಒಣಗಿದಂತಾಯಿತು, ರಾತ್ರಿ ದೀಪದ ಸುತ್ತ ಪ್ರಭೆ ಕಂಡಿತು. ಹೀಗಾಗುತ್ತದೆ ಎಂದು ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಹೇಳಿದ ದಿನಕ್ಕೆ ತೋರಿಸಿಕೊಂಡು ಬಂದಳು.

ಮೊನ್ನೆ ನಾನು ಹೋದಾಗ ಮಗಳು ಅಂಗಳದ ಆ ತುದಿಯಲ್ಲಿ ಬೆನ್ನ ಹಿಂದೆ ಕೈ ಕಟ್ಟಿ ನಿಂತಿದ್ದಳು. “ನಾ ಬೆಲ್ಲ ತಿಂದಿಲ್ಲಮ್ಮಾ!”

ರಾಧಿಕಾ ಕೂತಲ್ಲಿಂದಲೇ ನಕ್ಕಳು. “ಮೂಗಿನ ತುದಿಗೆ ಹತ್ತೈತಲ್ಲೇ, ಕಳ್ಳಿ!” ಹಾಗೆಂದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಷ್ಟು ದೂರದಿಂದ ಮಗಳ ಮೂಗಿಗೆ ಹತ್ತಿದ ಬೆಲ್ಲದ ಚೂರನ್ನು ಬರಿಗಣ್ಣಲ್ಲಿ ಕಂಡದ್ದು ಅವಳಿಗೆ ಅದೇ ಮೊದಲು.

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಕನ್ನಡಕ ಹಾಕಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಲೇಸರ್ ಮಾಡಿಸಲೇಬೇಕೆಂದೂ ಇಲ್ಲ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಓದಲು ಮತ್ತೆ ಕನ್ನಡಕ ಬೇಕಾಗಬಹುದು, ಅದೂ ಗೊತ್ತಿರಲಿ. ಆದರೂ ಬೇಕೆನಿಸಿದರೆ ಕಣ್ಣಿನ ಡಾಕ್ಟರ ಹತ್ತಿರ ಪೂರ್ತಿ ಪರೀಕ್ಷೆ ಮಾಡಿಸಿ. ಬಸಿರು, ಹಾಲುಣಿಸುವುದು, ಸಕ್ಕರೆ ಕಾಯಿಲೆ, ನುಂಗುವ ಮಾತ್ರೆ, ಏನನ್ನೂ ಮುಚ್ಚಿಡಬೇಡಿ. “ಈಗ ಬೇಡ” ಎಂದರೆ ಎದ್ದು ಬನ್ನಿ, ಕಾಯಿರಿ, ಮತ್ತೆ ಹೋಗಿ. ಒಂದು ದಿನದ ಬಸ್ಸಿನ ಓಡಾಟ ದಂಡವಾದರೆ ಆಗಲಿ. ಕಣ್ಣು ದಂಡವಾಗುವುದು ಬೇಡ.