ಶನಿವಾರದ ಕಲ್ಲಿನ ತರಗತಿ

ಮ್ಯೂಸಿಯಮ್ಮಿನಿಂದ ಫೋನು ಬಂದಾಗ ಅವಳು ಗಂಡನ ಅಂಗಿಗಳನ್ನು ಒಗೆದು ಮಡಚಿಡುತ್ತಿದ್ದಳು. ತೊಡುವವನು ಈಗ ಇರಲಿಲ್ಲ. ಬುಟ್ಟಿಯಲ್ಲಿ ಇದ್ದವು, ಒಗೆದಳು.

"ನಿಮ್ಮ ಯಜಮಾನರು ಕಲ್ಲಿನ ಉಪಕರಣ ಮಾಡೋ ತರಗತಿಗೆ ಹೆಸರು ಕೊಟ್ಟಿದ್ರು. ಈ ಶನಿವಾರದಿಂದ ಶುರು. ಬರ್ತಾರಲ್ವಾ?" ಎಂದಿತು ಆ ಕಡೆಯ ದನಿ.

"ಬರ್ತಾರೆ," ಎಂದು ಹೇಳಿ ಫೋನಿಟ್ಟಳು.

ಕೋಣೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿದರು, "ಯಾರು ಬರ್ತಾರೆ?"

ಅವಳು ವಿಷಯ ಹೇಳಿದಳು. ಗಂಡ ಲಿಫ್ಟ್ ಮೆಕ್ಯಾನಿಕ್ ಆಗಿದ್ದ. ಮ್ಯೂಸಿಯಮ್ಮಿನ ಲಿಫ್ಟು ರಿಪೇರಿಗೆ ಹೋದಾಗ ಗಾಜಿನ ಪೆಟ್ಟಿಗೆಯಲ್ಲಿದ್ದ ಕಲ್ಲಿನ ಅಲಗುಗಳನ್ನು ನೋಡಿ, ಊಟದ ಬಿಡುವನ್ನೆಲ್ಲ ಅಲ್ಲೇ ಕಳೆದು ಬಂದಿದ್ದ. ಆಮೇಲೆ ವಾರಗಟ್ಟಲೆ ಮನೆಯಲ್ಲಿ ಅದೇ ಮಾತು. ಆದರೆ ಹೆಸರು ಕೊಟ್ಟಿದ್ದನ್ನು ಇಬ್ಬರಿಗೂ ಹೇಳಿರಲಿಲ್ಲ.

"ಮತ್ತೆ ಬರ್ತಾರೆ ಅಂದ್ಯಲ್ಲ, ಈಗ ಯಾರನ್ನ ಕಳಿಸ್ತೀಯಾ?"

"ನಾನೇ ಹೋಗ್ತೀನಿ ಅತ್ತೆ."

ಅತ್ತೆ ಅವಳನ್ನೇ ನೋಡಿದರು. "ಹಾಗಾದ್ರೆ ನಾನೂ ಬರ್ತೀನಿ. ಮನೇಲಿ ಕೂತು ಗೋಡೆ ಜೊತೆ ಎಷ್ಟು ಅಂತ ಮಾತಾಡ್ಲಿ? ನಿನಗಿಂತ ಅದೇ ಎಷ್ಟೋ ವಾಸಿ, ಆಗಾಗ ಸುಣ್ಣನಾದ್ರೂ ಉದುರಿಸುತ್ತೆ."

ಅತ್ತೆಯ ಮಾತಿನಲ್ಲಿ ಸುಳ್ಳಿರಲಿಲ್ಲ. ಅವಳು ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಕರೆ ತೆಗೆದುಕೊಳ್ಳುವವಳು. ಗಂಡ ತೀರಿಕೊಂಡ ದಿನ ಒಬ್ಬ ವಾಚ್‌ಮನ್ ಫೋನು ಮಾಡಿ, ಲಿಫ್ಟ್ ರಿಪೇರಿಯವರು ಟೆರೇಸಿನ ಮೇಲೆ ಬಿದ್ದಿದ್ದಾರೆ ಎಂದಾಗ ಅವಳು ವಿಳಾಸ ಕೇಳಿದ್ದಳು. ಬೆಳಿಗ್ಗೆ ಗಂಡ ಹೇಳಿ ಹೋಗಿದ್ದ ವಿಳಾಸವದು. ಅವಳು ಗಾಡಿ ಕಳಿಸಿದಳು, ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಕೇಳಿದಳು, ಎದೆ ಒತ್ತುವುದನ್ನು ಹೇಳಿಕೊಟ್ಟಳು. ಗಾಡಿ ತಲುಪಿದ ಮೇಲೆ ಮುಂದಿನ ಕರೆಯನ್ನೂ ತೆಗೆದುಕೊಂಡಳು. ಎಂಥ ಗಟ್ಟಿಗಿತ್ತಿ ಎಂದರು ಜೊತೆಯವರು. ಅಂದಿನಿಂದ ಅವಳು ಅತ್ತಿಲ್ಲ. ಹೊತ್ತಿಗೆ ಸರಿಯಾಗಿ ಏಳುತ್ತಾಳೆ, ಉಣ್ಣುತ್ತಾಳೆ, ಕೆಲಸಕ್ಕೆ ಹೋಗುತ್ತಾಳೆ. ಒಳಗೆ ಮಾತ್ರ ಹಲ್ಲಿನ ಡಾಕ್ಟರು ಇಂಜೆಕ್ಷನ್ ಕೊಟ್ಟ ಕೆನ್ನೆಯ ಹಾಗೆ. ಮುಟ್ಟಿದರೆ ಏನೋ ಇದೆ ಎಂದು ಗೊತ್ತಾಗುತ್ತದೆ, ತನ್ನದು ಅನ್ನಿಸುವುದಿಲ್ಲ.

ತರಗತಿ ಮ್ಯೂಸಿಯಮ್ಮಿನ ಹಿತ್ತಲಲ್ಲಿ, ತಗಡಿನ ಚಪ್ಪರದ ಕೆಳಗೆ. ಕಲಿಸುವವರನ್ನು ಅಲ್ಲಿ ಎಲ್ಲರೂ ಕಲ್ಲು ಮೇಷ್ಟ್ರು ಎನ್ನುತ್ತಿದ್ದರು. ತುಂಬು ಹೊಟ್ಟೆ, ಬೆರಳ ತುಂಬ ಹಳೇ ಗಾಯದ ಗೀರು. ನೆಲಕ್ಕೆ ಟಾರ್ಪಾಲು ಹಾಸಿಸಿ, ಎಲ್ಲರಿಗೂ ಕನ್ನಡಕ, ಕೈಗವಸು, ತೊಡೆಯ ಮೇಲೆ ಹಾಸಿಕೊಳ್ಳಲು ದಪ್ಪ ಚರ್ಮದ ತುಂಡು ಕೊಟ್ಟರು.

"ಒಳಗೆ ಕೂತು ಮಾಡೋ ಕೆಲಸ ಅಲ್ಲ ಇದು. ಧೂಳು ಎದೆಗೆ ಹೋದ್ರೆ ವಾಪಸ್ ಬರಲ್ಲ. ಚೂರುಗಳನ್ನ ಟಾರ್ಪಾಲಲ್ಲೇ ಸುತ್ತಿ ಎತ್ತಬೇಕು, ಬರಿಗಾಲಲ್ಲಿ ಯಾರೂ ಓಡಾಡೋ ಹಾಗಿಲ್ಲ."

ಮೊದಲ ದಿನ ಕೈ ಪಳಗಲೆಂದು ದಪ್ಪ ಗಾಜಿನ ತುಂಡು ಕೊಟ್ಟರು. ಮುಂದಿನ ವಾರ ಚಕಮಕಿ ಕಲ್ಲು ಬಂತು. ಹೊರಗೆ ಸುಣ್ಣ ಬಳಿದಂಥ ಸಿಪ್ಪೆ, ಒಡೆದರೆ ಒಳಗೆ ನುಣ್ಣಗೆ, ಹೊಗೆಬಣ್ಣ. ಮೇಷ್ಟ್ರು ಒಂದೊಂದನ್ನೇ ಬೆರಳ ತುದಿಯಲ್ಲಿ ತೂಗುಬಿಟ್ಟು ಮೆಲ್ಲಗೆ ತಟ್ಟಿ ತೋರಿಸಿದರು. ಗಟ್ಟಿ ಕಲ್ಲು ಟಣ್ ಎನ್ನುತ್ತಿತ್ತು. ಒಳಗೆ ಬಿರುಕಿದ್ದದ್ದು ಬೊದ್ ಎನ್ನುತ್ತಿತ್ತು.

"ಇದು ಶಕ್ತಿಯ ಆಟ ಅಲ್ಲ," ಎಂದರು. "ಮೊದಲು ಅಂಚು ಹುಡುಕಿ. ಪುಸ್ತಕ ಅರೆಬರೆ ತೆರೆದ ಹಾಗೆ ಕೋನ ಚೂಪಾಗಿರಬೇಕು, ಡಬ್ಬಿ ಮೂಲೆ ಥರ ನೆಟ್ಟಗಿದ್ರೆ ಚಕ್ಕೆ ಏಳಲ್ಲ. ಆ ಅಂಚನ್ನ ಒರಟು ಕಲ್ಲಲ್ಲಿ ಉಜ್ಜಿ, ಇಲ್ಲಾಂದ್ರೆ ಏಟು ಬಿದ್ದ ಕೂಡ್ಲೇ ಪುಡಿಯಾಗುತ್ತೆ. ಆಮೇಲೆ ಬಡಿಗಲ್ಲಿಂದ ಅಂಚಿನಿಂದ ಒಂಚೂರು ಒಳಗೆ ಹೊಡೀರಿ. ಚಕ್ಕೆ ಕೆಳಗಡೆ ಏಳುತ್ತೆ, ಮೇಲಲ್ಲ."

ಅವರು ಹೊಡೆದಾಗ ಕೆಳಗಿನಿಂದ ಎಲೆಯಂತೆ ತೆಳ್ಳನೆಯ ಚಕ್ಕೆ ಎದ್ದು ಚರ್ಮದ ಮೇಲೆ ಬಿತ್ತು. ಹಿಂಬದಿಯಲ್ಲಿ ಒಂದು ಸಣ್ಣ ಉಬ್ಬು, ಅದರಿಂದ ಹರಡಿದ ನೀರಲೆಯಂಥ ಗೆರೆಗಳು.

ಅವಳು ಹೊಡೆದಾಗ ಪುಡಿ ಬಿತ್ತು. ಇನ್ನೊಮ್ಮೆ ಹೊಡೆದಾಗ ಚಕ್ಕೆ ಅರ್ಧಕ್ಕೇ ಮುರಿದು, ಕಲ್ಲಿನ ಮೇಲೆ ಮೆಟ್ಟಿಲಿನಂಥ ಗಾಯ ಉಳಿಯಿತು. ಮೇಷ್ಟ್ರು ಹತ್ತಿರ ಬಂದು ಕೂತರು.

"ಏಟು ಚೆನ್ನಾಗಿ ಶುರು ಮಾಡ್ತೀರಿ, ತಾಗೋ ಹೊತ್ತಿಗೆ ಕೈ ಹಿಂದಕ್ಕೆ ಎಳ್ಕೊತೀರಿ. ತಾಗಿದ ಮೇಲೂ ಕೈ ಮುಂದೆ ಹೋಗ್ಬೇಕಮ್ಮಾ."

"ಸರಿ," ಎಂದಳು. ಮತ್ತೆ ಹೊಡೆದಳು. ಮತ್ತೆ ಮೆಟ್ಟಿಲು.

ಚಪ್ಪರದ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅತ್ತೆ, "ಮನೇಲಿ ಎರಡು ಲೋಟ ಒಡೆದಿದ್ರೂ ಇಷ್ಟು ಚೂರು ಸಿಕ್ತಿತ್ತು," ಎಂದರು. ಉಳಿದವರು ನಕ್ಕರು. ಅವಳಿಗೆ ನಗುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ.

ಆ ಮುಂದಿನ ಶನಿವಾರ ಅವಳು ಎಡಗೈಯ ಗವಸು ಬಿಚ್ಚಿಟ್ಟಳು. ಗವಸಿನೊಳಗೆ ಕಲ್ಲು ಹಿಡಿತಕ್ಕೆ ಸಿಗುತ್ತಿಲ್ಲ ಅನ್ನಿಸಿತ್ತು. ಬಡಿಗಲ್ಲನ್ನು ಜೋರಾಗಿಯೇ ಬೀಸಿದಳು. ಚಕ್ಕೆ ಎದ್ದಿತು. ಬಾಗಿ ನೋಡುತ್ತಿದ್ದವಳಿಗೆ ಅತ್ತೆಯ ಕೂಗು ಕೇಳಿಸಿತು.

"ಅಯ್ಯೋ, ರಕ್ತ! ಕೈ ನೋಡೇ, ಕೈ!"

ಹೆಬ್ಬೆರಳ ಬುಡದಲ್ಲಿ ಉದ್ದಕ್ಕೆ ಸೀಳಿತ್ತು. ತೊಡೆಯ ಚರ್ಮದ ಮೇಲೆ ರಕ್ತ ಮಡುಗಟ್ಟುತ್ತಿತ್ತು. ಅವಳು ಅದನ್ನು ನೋಡಿದಳು, ಬೇರೆ ಯಾರದೋ ಕೈ ನೋಡಿದಂತೆ. ಆಮೇಲೆ ಅವಳ ಬಾಯಿಂದ ಸಮನಾದ ಮೆದು ದನಿ ಹೊರಟಿತು.

"ಗಾಬರಿ ಆಗ್ಬೇಡಿ. ಶುದ್ಧವಾದ ಬಟ್ಟೆ ಇದ್ಯಾ? ಗಾಯದ ಮೇಲೆ ಒತ್ತಿ ಹಿಡೀರಿ. ಕೈ ಮೇಲೆತ್ತಿ. ಒತ್ತೋದು ಬಿಡ್ಬೇಡಿ. ನಾನು ಇಲ್ಲೇ ಇದ್ದೀನಿ."

ಮೇಷ್ಟ್ರು ಔಷಧಿ ಪೆಟ್ಟಿಗೆ ತರಲು ಓಡಿದರು. ಅವಳ ಕೈಯನ್ನು ತಮ್ಮ ಸೆರಗಿನಲ್ಲಿ ಅದುಮಿ ಹಿಡಿದಿದ್ದ ಅತ್ತೆ ತಲೆ ಎತ್ತಿದರು. ಮುಖ ಬಿಳಿಚಿಕೊಂಡಿತ್ತು.

"ಅವತ್ತೂ ಹೀಗೇ ಮಾತಾಡಿದ್ಯಾ?"

ಅವಳು ಸೆರಗಿಗೆ ಹಿಡಿಯುತ್ತಿದ್ದ ರಕ್ತವನ್ನೇ ನೋಡಿದಳು.

"ಹೇಳು. ಎಲ್ರೂ ನಿನ್ನ ಹೊಗಳಿದ್ರು. ನನಗೆ ಮಾತ್ರ ಹೊಟ್ಟೆ ಉರೀತು. ಗಂಡ ಬಿದ್ದಿದ್ದಾನೆ ಅಂತ ಗೊತ್ತಿದ್ದೂ ಇವಳು ಹೇಗೆ ಪ್ರಶ್ನೆ ಕೇಳ್ತಾ ಹೋದ್ಲು ಅಂತ. ನಿನ್ನ ಕೇಳೋಣ ಅಂದ್ರೆ ಬಾಯೇ ಬರ್ತಿರ್ಲಿಲ್ಲ. ಏನಾಯ್ತು ಅಲ್ಲಿ?"

ಅವಳು ಮೊದಲ ಸಲ ಹೇಳಿದಳು. ವಾಚ್‌ಮನ್ನಿಗೆ ಫೋನಿನ ಸ್ಪೀಕರ್ ಹಾಕಿ ಬಿದ್ದವರ ತಲೆ ಹತ್ತಿರ ಇಡಿ ಎಂದಳು. ಬಿಟ್ಟು ಬಿಟ್ಟು ಎಳೆಯುವ ಉಸಿರಿನ ಸದ್ದು ಕೇಳಿಸಿತು, ಆಮೇಲೆ ಅದೂ ಇಲ್ಲ. ವಾಚ್‌ಮನ್ ಎದೆ ಒತ್ತುತ್ತಿದ್ದ, ಲೆಕ್ಕ ತಪ್ಪಬಾರದೆಂದು ಅವಳು ಗಟ್ಟಿಯಾಗಿ ಎಣಿಸುತ್ತಿದ್ದಳು. ಗಂಡನ ಹೆಸರು ಕರೆಯಲಿಲ್ಲ. ಕರೆದರೆ ಎಣಿಕೆ ನಿಂತುಹೋಗುತ್ತದೆ ಅನ್ನಿಸಿತ್ತು. ಗಾಡಿಯವರು ಬರುವವರೆಗೂ ಎಣಿಸಿದಳು.

"ತಲೆ ಹತ್ತಿರ ಇತ್ತಾ ಫೋನು?"

"ಹೂಂ."

"ಹಾಗಾದ್ರೆ ನಿನ್ನ ದನಿ ಅವನಿಗೆ ಕೇಳ್ಸಿರುತ್ತೆ."

"ಗೊತ್ತಿಲ್ಲ ಅತ್ತೆ."

"ಕೇಳ್ಸಿರುತ್ತೆ," ಎಂದರು ಅತ್ತೆ ಮೊಂಡು ಹಿಡಿದವರಂತೆ. "ನಾನಾಗಿದ್ರೆ ಫೋನು ಎಸೆದು ಅಳ್ತಾ ಕೂತಿರ್ತಿದ್ದೆ. ಅವನಿಗೆ ಯಾರ ದನೀನೂ ಇರ್ತಿರ್ಲಿಲ್ಲ."

ಅತ್ತೆ ಅತ್ತರು. ಅವಳಿಗೆ ಅಳು ಬರಲಿಲ್ಲ. ಅವರು ತನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಾರೆಂದು ಮಾತ್ರ ತಿಳಿಯುತ್ತಿತ್ತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಾಗಲೂ ಅತ್ತೆ ಬಿಡಲಿಲ್ಲ.

ಹೊಲಿಗೆ ಬಿಚ್ಚುವ ತನಕ ಅವಳು ಬರೀ ನೋಡುತ್ತ ಕೂತಳು. ಉಳಿದವರು ಆ ಹೊತ್ತಿಗೆ ಜಿಂಕೆ ಕೊಂಬಿನಿಂದ ಬಡಿದು ಕಲ್ಲನ್ನು ತೆಳ್ಳಗೆ ಮಾಡುವುದನ್ನೂ, ಮರದ ಹಿಡಿಗೆ ಸಿಕ್ಕಿಸಿದ ತಾಮ್ರದ ಮೊನೆಯಿಂದ ಅಂಚನ್ನು ಒತ್ತಿ ಒತ್ತಿ ಸಣ್ಣ ಚಕ್ಕೆ ಎಬ್ಬಿಸುವುದನ್ನೂ ಕಲಿಯುತ್ತಿದ್ದರು. ಕುರ್ಚಿಯಲ್ಲಿ ಕೂತು ಕೂತು ಬೇಸತ್ತ ಅತ್ತೆ ಒಂದು ದಿನ ತಾವೇ ಕನ್ನಡಕ ಏರಿಸಿ ಸೊಸೆಯ ಜಾಗದಲ್ಲಿ ಕೂತರು.

"ಏನು ಮಾಡ್ಬೇಕು ಹೇಳು."

"ಎರಡೂ ಕೈಗೆ ಗವಸು ಹಾಕ್ಕೊಳ್ಳಿ. ಅಂಚು ಉಜ್ಜಿ. ಅಷ್ಟಲ್ಲ, ಇನ್ನೂ ಸ್ವಲ್ಪ. ಈಗ ಹೊಡೀರಿ. ಕೈ ತಡೀಬೇಡಿ."

"ತಡೆಯೋಕೆ ಈ ಕೈಯಲ್ಲಿ ತ್ರಾಣ ಎಲ್ಲಿದೆ?" ಎನ್ನುತ್ತಲೇ ಅತ್ತೆ ಬಡಿಗಲ್ಲು ಬೀಸಿದರು. ಅಂಗೈಯಗಲದ ಚಕ್ಕೆ ಕಳಚಿ ಬಿತ್ತು. ಮೇಷ್ಟ್ರು ಹುಬ್ಬೇರಿಸಿದರು. ಅತ್ತೆ ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ, ಊಟದ ಡಬ್ಬಿಯಿಂದ ಸೌತೆಕಾಯಿ ತೆಗೆದು ಹೆಚ್ಚತೊಡಗಿದರು. ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಬಿತ್ತು.

"ನಮ್ಮ ಮನೆ ಚಾಕು ಇದರ ಮುಂದೆ ಚಮಚ," ಎಂದರು.

ಅವಳಿಗೆ ನಗು ಬಂತು. ಸಣ್ಣದು, ಬಂದಷ್ಟೇ ಬೇಗ ಹೋಯಿತು. ಅತ್ತೆ ನೋಡಿದರು, ನೋಡದವರಂತೆ ಎಲ್ಲರಿಗೂ ಸೌತೆಕಾಯಿ ಹಂಚಿದರು.

ಮರಳುವಾಗ ಬಸ್ಸಿನಲ್ಲಿ ಅತ್ತೆ ಅವಳ ಹೆಗಲಿಗೆ ಒರಗಿ ನಿದ್ದೆ ಹೋದರು. ಹಳ್ಳಕೊಳ್ಳದ ರಸ್ತೆ. ಅವರ ತಲೆಯ ಭಾರಕ್ಕೆ ಹೆಗಲು ನೋಯುತ್ತಿತ್ತು. ಇಳಿಯುವ ಜಾಗ ಬರುವವರೆಗೂ ಅವಳು ಅಲುಗಾಡಲಿಲ್ಲ.