ಅಳಿಸುವಾಗ ಟ್ಯಾಬ್ ಬೇಡ

ಬಲಗೈ ಮಣಿಕಟ್ಟಿಗೆ ನೋವು ಹತ್ತಿಕೊಂಡ ಮೇಲೆ ಒಂದೊಂದು ಅಕ್ಷರ ಒತ್ತುವುದೂ ನನಗೆ ಶಿಕ್ಷೆಯಾಗಿತ್ತು. ನಮ್ಮ ಕೆಲಸವೋ, ಇಡೀ ದಿನ ಕಪ್ಪು ಪರದೆಯ ಮುಂದೆ ಕೂತು ಸರ್ವರ್‌ಗಳಿಗೆ ಉದ್ದುದ್ದ ಕಮಾಂಡ್ ಟೈಪ್ ಮಾಡುವುದು. ನನ್ನ ಪಾಡಿಗೆ ನಾನೊಂದು ಫೈಲ್ ಬರೆದುಕೊಂಡೆ. ಮೊದಲೆರಡು ಅಕ್ಷರ ಹೊಡೆದು ಟ್ಯಾಬ್ ಕೀಲಿ ಒತ್ತಿದರೆ ಮಿಕ್ಕಿದ್ದನ್ನು ಅದೇ ತುಂಬಿಕೊಡುತ್ತಿತ್ತು.

ಒಂದು ಕಡೆ ಮಾತ್ರ ಬೇಕೆಂದೇ ತಡೆ ಇಟ್ಟಿದ್ದೆ. ಸರ್ವರನ್ನೇ ಅಳಿಸಿಹಾಕುವ ಕಮಾಂಡ್‌ನಲ್ಲಿ ಟ್ಯಾಬ್ ಅದರ ಹೆಸರು ತುಂಬುತ್ತಿರಲಿಲ್ಲ. ಕೈ ನೊಂದರೂ ಸರಿ, ಪೂರ್ತಿ ಹೆಸರು ಹೊಡೆಯಬೇಕು. ಅಷ್ಟು ಹೊತ್ತಾದರೂ ಮನುಷ್ಯ ತಾನೇನು ಮಾಡುತ್ತಿದ್ದೇನೆಂದು ಯೋಚಿಸಲಿ ಅಂತ.

ಪಕ್ಕದ ಮೇಜಿನವರು ಕೇಳಿದರು, ಕೊಟ್ಟೆ. ನೋಡನೋಡುತ್ತಿದ್ದಂತೆ ಇಡೀ ಕಚೇರಿ ಅದನ್ನೇ ಬಳಸತೊಡಗಿತು. ಯಾರು ಬೇಕಾದರೂ ಪ್ಯಾಚ್, ಅಂದರೆ ತಿದ್ದಿದ ಸಾಲುಗಳನ್ನು, ಕಳಿಸಿ ಬದಲಾಯಿಸಬಹುದು, ಮಿಕ್ಕವರು ನೋಡಿ ಒಪ್ಪಬೇಕು ಅಂತಾಯಿತು.

"ಕೈನೋವಿಗೆ ಅಂತ ಮಾಡ್ಕೊಂಡಿದ್ದನ್ನ ಊರಿಗೆಲ್ಲಾ ಹಂಚಿದ್ಯಲ್ಲೇ, ನಿಂಗೇನ್ ಬಂತು?" ಅಂದಳು ಅಮ್ಮ, ಮಣಿಕಟ್ಟಿಗೆ ಬಿಸಿ ಬಟ್ಟೆ ಒತ್ತುತ್ತಾ.

"ಈ ವರ್ಷ ಒಬ್ಬರನ್ನ ಕಾಯಂ ಮಾಡ್ತಾರಂತಮ್ಮ. ಇದೂ ಲೆಕ್ಕಕ್ಕೆ ಬರತ್ತೆ."

ನಾನು ಹಾಗೇ ನಂಬಿದ್ದೆ, ಪೆದ್ದಿ.

ನಮ್ಮಲ್ಲೊಬ್ಬನಿದ್ದ. ಯಾವುದಕ್ಕೂ ತಾಳ್ಮೆಯಿಲ್ಲದ್ದರಿಂದ ಎಲ್ಲರೂ ಅವನನ್ನು ಸರಸರ ಅನ್ನುತ್ತಿದ್ದೆವು. ನನ್ನನ್ನು ಬಾಯಿತುಂಬ ಅಕ್ಕ ಅಂತಲೇ ಕರೆಯುತ್ತಿದ್ದ. ಅಳಿಸುವಾಗಲೂ ಟ್ಯಾಬ್ ಹೆಸರು ತುಂಬಲಿ ಎಂದು ಅವನೊಂದು ಪ್ಯಾಚ್ ಕಳಿಸಿದ.

"ಬೇಡ ಕಣೋ. ಅದು ಮರೆತು ಬಿಟ್ಟಿದ್ದಲ್ಲ, ಬೇಕು ಅಂತ್ಲೇ ಇಟ್ಟಿದ್ದು," ಅಂದೆ.

"ಅಯ್ಯೋ ಅಕ್ಕ, ನಾವೇನ್ ಚಿಕ್ಕ ಮಕ್ಳಾ?"

"ಎಲ್ರೂ ಒಪ್ಪಿದಾರೆ ಮೇಡಂ, ನೀವೊಬ್ರೇ ಅಡ್ಡಗಾಲು ಹಾಕ್ಬೇಡಿ," ಅಂದರು ಮುಖ್ಯಸ್ಥರು. ತಡೆ ಹೋಯಿತು.

ಒಂದು ದಿನ ಸರಸರ ಪ್ರಯೋಗದ ಸರ್ವರ್ ಅಳಿಸಲು ಕೂತ. ಅದನ್ನು ಬೆಳಿಗ್ಗೆಯೇ ಬೇರೆ ಯಾರೋ ಅಳಿಸಿಯಾಗಿತ್ತು. ಇವನು ಹೊಡೆದ ಮೊದಲೆರಡು ಅಕ್ಷರಗಳಿಂದ ಶುರುವಾಗುವಂಥದ್ದು ಇನ್ನು ಉಳಿದಿದ್ದು ಗಿರಾಕಿಗಳ ಸರ್ವರ್ ಒಂದೇ. ಟ್ಯಾಬ್ ಅದನ್ನು ತುಂಬಿತು, ಇವನು ಕಣ್ಣೆತ್ತಿಯೂ ನೋಡದೆ ಎಂಟರ್ ಒತ್ತಿದ.

ಮೀಟಿಂಗ್‌ನಲ್ಲಿ ಮುಖ್ಯಸ್ಥರು ತಿರುಗಿದ್ದು ನನ್ನ ಕಡೆ. "ಫೈಲ್ ಮೇಲೆ ನಿಮ್ಮ ಹೆಸರಿದೆ."

"ತಡೆ ತೆಗೆದಿದ್ದು ಯಾರು ಅಂತಾನೂ ಅಲ್ಲೇ ಇದೆ ಸಾರ್."

"ಈಗ ಬೆರಳು ತೋರಿಸೋದು ಬೇಡ."

ಸರಸರ ತನ್ನ ಬೂಟಿನ ತುದಿ ನೋಡುತ್ತಿದ್ದ. ಮಿಕ್ಕವರು ಲ್ಯಾಪ್‌ಟಾಪ್ ಮುಚ್ಚಿಕೊಂಡು ಎದ್ದು ಹೋದರು. ಅಷ್ಟೂ ಜನ ದಿನಬೆಳಗಾದರೆ ನನ್ನ ಫೈಲ್ ಬಳಸುವವರೇ.

ಮರುವಾರ ಅವನದೇ ಹೊಸ ಪ್ಯಾಚ್ ಬಂತು, ಸುರಕ್ಷತೆಗಾಗಿ ಸುಧಾರಣೆ ಅಂತ. ತೆರೆದು ನೋಡಿದರೆ ಅವನೇ ತೆಗೆಸಿದ್ದ ನನ್ನ ತಡೆಯ ಸಾಲುಗಳೇ, ಒಂದು ಚುಕ್ಕೆಯೂ ಬದಲಾಗಿರಲಿಲ್ಲ. "ತಪ್ಪಿಂದ ಕಲಿಯೋದು ಅಂದ್ರೆ ಇದು," ಎಂದು ಮುಖ್ಯಸ್ಥರು ಅವನ ಬೆನ್ನು ತಟ್ಟಿದರು. ಕಾಯಂ ಆದವನೂ ಅವನೇ.

"ಅಕ್ಕ, ಒಂದ್ಸಲ ನೋಡಿ ಒಪ್ಪಿಗೆ ಕೊಟ್ಬಿಡಿ. ನಿಮ್ಮ ಫೈಲ್ ಅಲ್ವಾ?"

ಆಗೋದಿಲ್ಲ ಅನ್ನೋಣವೆಂದರೆ ನಾಳೆ ಇನ್ನೊಬ್ಬ ಹೀಗೇ ಎಂಟರ್ ಒತ್ತುತ್ತಾನೆ. ಆಗಲೂ ಫೈಲ್ ಮೇಲಿರುವ ಹೆಸರು ನನ್ನದೇ. ಪ್ಯಾಚ್‌ನಲ್ಲಿ ತಪ್ಪು ಹುಡುಕಿದೆ, ಒಂದೂ ಸಿಗಲಿಲ್ಲ. ನೋಯುವ ಕೈಯಲ್ಲೇ ಒಪ್ಪಿಗೆ ಒತ್ತಿದೆ.